ಹೊಸ ಅಕ್ವೇರಿಯಂನಲ್ಲಿ ವಾರದೊಳಗೇ ಮೀನುಗಳು ಸಾಯುತ್ತಿವೆ. ನೀರು ತಿಳಿಯಾಗಿಯೇ ಇದೆ. ಏನು ಮಾಡಲಿ?

ನೀರು ತಿಳಿಯಾಗಿದ್ದ ಮಾತ್ರಕ್ಕೆ ಚೆನ್ನಾಗಿದೆ ಅಂತಲ್ಲ. ಮೀನಿನ ಕಿವಿರು, ಹಿಕ್ಕೆ, ಉಳಿದ ಆಹಾರ ಇವುಗಳಿಂದ ಅಮೋನಿಯಾ ಬರುತ್ತದೆ. ಅದು ಕಣ್ಣಿಗೆ ಕಾಣದ ವಿಷ. ಹಳೆಯ ತೊಟ್ಟಿಯಲ್ಲಿ ಬ್ಯಾಕ್ಟೀರಿಯಾಗಳು ಅದನ್ನು ಮೊದಲು ನೈಟ್ರೈಟ್ ಮಾಡುತ್ತವೆ, ಆಮೇಲೆ ನೈಟ್ರೇಟ್. ನೈಟ್ರೈಟ್ ಕೂಡ ವಿಷವೇ. ನೈಟ್ರೇಟ್‌ನಿಂದ ಅಷ್ಟು ಅಪಾಯವಿಲ್ಲ. ಹೊಸ ತೊಟ್ಟಿಯಲ್ಲಿ ಈ ಬ್ಯಾಕ್ಟೀರಿಯಾ ಬೆಳೆಯಲು ಸಾಮಾನ್ಯವಾಗಿ 4ರಿಂದ 6 ವಾರ ಬೇಕು.

ಅಲ್ಲಿಯವರೆಗೆ ಹೊಸ ಮೀನು ತರಲೇಬೇಡಿ. ಇರುವ ಮೀನಿಗೆ ದಿನಕ್ಕೊಮ್ಮೆ, ಒಂದೆರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟೇ ಆಹಾರ ಹಾಕಿ. ಪ್ರೀತಿಯಿಂದ ಜಾಸ್ತಿ ಹಾಕುತ್ತೇವೆ, ಅಲ್ವಾ? ಅದೇ ಕೊಳೆತು ಅಮೋನಿಯಾ ಆಗುತ್ತದೆ. ನೀರು ಪರೀಕ್ಷಿಸುವ ಟೆಸ್ಟ್ ಕಿಟ್ ತಂದು ದಿನವೂ ನೋಡಿ. ಅಮೋನಿಯಾ ಅಥವಾ ನೈಟ್ರೈಟ್ ಲೀಟರಿಗೆ 0.25 ಮಿಲಿಗ್ರಾಂ ದಾಟಿದರೆ ಕಾಲು ಭಾಗ ನೀರು ಬದಲಿಸಿ. ತುಂಬಾ ಜಾಸ್ತಿಯಿದ್ದರೆ ಅರ್ಧ. ನಲ್ಲಿ ನೀರಾದರೆ ಆಂಟಿ ಕ್ಲೋರಿನ್ (ನೀರಿನ ಕ್ಲೋರಿನ್ ತೆಗೆಯುವ ಔಷಧ) ಹಾಕಿಯೇ ತುಂಬಿಸಿ. ಕ್ಲೋರಿನ್ ಮೀನಿಗೂ ಕೆಟ್ಟದ್ದು, ಬ್ಯಾಕ್ಟೀರಿಯಾಕ್ಕೂ ಕೆಟ್ಟದ್ದು.

ಬಹಳ ಜನ ಮಾಡುವ ದೊಡ್ಡ ತಪ್ಪು ಒಂದಿದೆ. ಮೀನು ಸತ್ತ ಕೂಡಲೇ ಎಲ್ಲ ನೀರು ಚೆಲ್ಲಿ, ಫಿಲ್ಟರ್ ಸ್ಪಂಜನ್ನು ನಲ್ಲಿ ಕೆಳಗೆ ತಿಕ್ಕಿ ತೊಳೆಯುತ್ತಾರೆ. ಆ ಬ್ಯಾಕ್ಟೀರಿಯಾ ಹೆಚ್ಚಾಗಿ ಇರುವುದೇ ಸ್ಪಂಜಿನಲ್ಲಿ! ತೊಟ್ಟಿಯಿಂದ ತೆಗೆದ ನೀರಲ್ಲೇ ಮೆಲ್ಲಗೆ ಹಿಂಡಿದರೆ ಸಾಕು. ಫಿಲ್ಟರ್ ರಾತ್ರಿ ಹೊತ್ತೂ ಓಡುತ್ತಿರಲಿ.

ಸ್ನೇಹಿತರ ಮನೆಯಲ್ಲಿ ರೋಗವಿಲ್ಲದ ಹಳೆಯ ತೊಟ್ಟಿ ಇದ್ದರೆ ಅದರ ಸ್ಪಂಜಿನ ಒಂದು ತುಂಡು ಕೇಳಿ ತನ್ನಿ. ಒದ್ದೆಯಾಗಿಯೇ ತಂದು ನಿಮ್ಮ ಫಿಲ್ಟರಿಗೆ ಸೇರಿಸಿ. ಕಾಯುವ ದಿನಗಳು ಎಷ್ಟೋ ಕಡಿಮೆಯಾಗುತ್ತವೆ.