ಕಯೋಟಿ ಬೇಟೆಗೆ ಹಗುರ ಬ್ಯಾರೆಲ್: ಎಷ್ಟು ಹಗುರ ಇದ್ರೆ ಸಾಕು?

ಪ್ರಶ್ನೆ: ನಮಸ್ಕಾರ ಸಾರ್. ನಾನು ಮಡಿಕೇರಿ ಕಡೆಯವನು, ಈಗ ಟೆಕ್ಸಾಸ್‌ನ ಆಸ್ಟಿನ್‌ನಲ್ಲಿದ್ದೀನಿ. ಫ್ರೆಂಡ್ ಒಬ್ಬನ ರ‍್ಯಾಂಚ್ ಸ್ಯಾನ್ ಆ್ಯಂಜೆಲೋ ಹತ್ರ ಇದೆ, ಕುರಿ ಮೇಕೆ ಸಾಕಿದ್ದಾನೆ, ಮರಿ ಹಾಕೋ ಟೈಮಲ್ಲಿ ಕಯೋಟಿ (ಅಲ್ಲಿನ ನರಿ-ತೋಳ ಥರದ ಪ್ರಾಣಿ) ಕಾಟ ತಡ್ಯಕ್ಕಾಗಲ್ಲ ಬಾ ಅಂತ ಕರೀತಾನೆ. ನನ್ನತ್ರ ಇರೋದು ಸ್ಯಾವೇಜ್ 110 ರೈಫಲ್, .223 ಕಾರ್ಟ್ರಿಜ್‌ದು (ತೋಟಾ), 26 ಇಂಚಿನ ಹೆವಿ ಬ್ಯಾರೆಲ್. ರೇಂಜ್‌ನಲ್ಲಿ ಬೆಂಚ್ ಮೇಲಿಟ್ಟು ಹೊಡೆಯೋಕೆ ಸೂಪರ್, ಆದ್ರೆ ಹೆಗಲಿಗೆ ಹಾಕ್ಕೊಂಡು ಮೆಸ್ಕೀಟ್ ಮುಳ್ಳಿನ ಮಧ್ಯೆ ನಡೆದ್ರೆ ಸಂಜೆ ಹೊತ್ತಿಗೆ ಭುಜ ಬಿದ್ದೋಗುತ್ತೆ. ಒಬ್ಬರು ಪೆನ್ಸಿಲ್ ಬ್ಯಾರೆಲ್ (ತೀರಾ ತೆಳುವಾದದ್ದು) ಹಾಕ್ಸು ಅಂತಾರೆ, ಇನ್ನೊಬ್ರು ಕಾರ್ಬನ್ ಫೈಬರ್ ಬಿಟ್ಟು ಬೇರೆ ನೋಡ್ಲೇಬೇಡ ಅಂತಾರೆ. ಹೇಗೂ ಬದಲಾಯಿಸ್ತೀನಿ, ಇನ್ನೂ ಜೋರಾದ .22-250 ಕಾರ್ಟ್ರಿಜ್‌ಗೇ ಹೋಗಿಬಿಡ್ಲಾ ಅಂತಾನೂ ಇದೆ. ಏನ್ ಮಾಡ್ಲಿ?

ಉತ್ತರ: ಮೊದ್ಲು ಒಂದು ಮಾತು, ನೀವು ಒಂದು ಜಾಗದಲ್ಲಿ ಕೂತು ಸದ್ದು ಹಾಕಿ ಕಯೋಟಿನ ಕರೆದ್ರೆ ಎಷ್ಟು ಗುಂಡು ಹೊಡೀತೀರ? ಹದಿನೈದಿಪ್ಪತ್ತು ನಿಮಿಷ ಕೂತು ಮೊಲ ಕಿರುಚೋ ಸೌಂಡ್ ಹಾಕಿ, ಬಂದ್ರೆ ಒಂದು, ಓಡೋಕೆ ಶುರು ಮಾಡಿದ್ರೆ ಇನ್ನೊಂದು, ಜೋಡಿ ಬಂದಿದ್ರೆ ಮೂರನೇದು, ಅಷ್ಟೇ. ಹೆವಿ ಬ್ಯಾರೆಲ್ ಇರೋದು ಪ್ರೇರಿ ಡಾಗ್ (ಬಿಲದಲ್ಲಿರೋ ಅಳಿಲು ಜಾತಿ) ಹೊಡೆಯೋರಿಗೆ, ಅವ್ರು ಒಂದೇ ಕಡೆ ಕೂತು ಒಂದರ ಹಿಂದೆ ಒಂದು ಹೊಡೀತಾನೇ ಇರ್ತಾರೆ, ಬ್ಯಾರೆಲ್ ಬೇಗ ಕಾಯಬಾರ್ದು ಅಂತ ದಪ್ಪ ಬೇಕು. ನಿಮಗೆ ಬೇಕಾಗಿರೋದು ತಣ್ಣಗಿರೋ ಬ್ಯಾರೆಲ್‌ನಿಂದ ಹೋಗೋ ಮೊದಲನೇ ಗುಂಡು ಪ್ರತಿ ಸಲ ಒಂದೇ ಕಡೆ ಬೀಳ್ಬೇಕು ಅನ್ನೋದು. ಅದನ್ನ ತೆಳು ಬ್ಯಾರೆಲ್ ಚೆನ್ನಾಗೇ ಮಾಡುತ್ತೆ, ನಾಲ್ಕೈದು ಗುಂಡು ಆದ್ಮೇಲೆ ಬಿಸಿಗೆ ಆ ಕಡೆ ಈ ಕಡೆ ಹೋದ್ರೆ ಹೋಗ್ಲಿ ಬಿಡಿ. ಹಗುರಕ್ಕೆ ಹೋಗಿ, ತಪ್ಪಿಲ್ಲ.

ಆದ್ರೆ ತೂಕ ಇಳಿಸ್ಬೇಕು ಅಂದ ತಕ್ಷಣ ಎಲ್ಲರೂ ತೆಳ್ಳಗೆ ಮಾಡೋಕೆ ಹೋಗ್ತಾರೆ. ನಾನು ಹೇಳೋದು ಮೊದ್ಲು ಉದ್ದ ಕಮ್ಮಿ ಮಾಡಿ, ಆಮೇಲೆ ದಪ್ಪದ ಕಡೆ ನೋಡಿ. ಯಾಕಂದ್ರೆ ಬ್ಯಾರೆಲ್ ಎಷ್ಟು ಗಟ್ಟಿ ನಿಲ್ಲುತ್ತೆ ಅನ್ನೋದು ದಪ್ಪದ ನಾಲ್ಕನೇ ಘಾತದ ಲೆಕ್ಕದಲ್ಲಿ ಹೋಗುತ್ತೆ, ದಪ್ಪ ಸ್ವಲ್ಪ ಇಳಿಸಿದ್ರೂ ಗಟ್ಟಿತನ ಸಿಕ್ಕಾಪಟ್ಟೆ ಕುಸಿಯುತ್ತೆ, ಅದೇ ಉದ್ದ ಕಮ್ಮಿ ಮಾಡಿದ್ರೆ ಉಲ್ಟಾ, ತೂಕಾನೂ ಇಳಿಯುತ್ತೆ ಗಟ್ಟಿತನಾನೂ ಏರುತ್ತೆ. ಒಂದೇ ದಪ್ಪದ 24 ಇಂಚಿನ ಬ್ಯಾರೆಲ್‌ಗೂ 20 ಇಂಚಿನದಕ್ಕೂ ಹೋಲಿಸಿದ್ರೆ ಚಿಕ್ಕದು ಸುಮಾರು 70 ಪರ್ಸೆಂಟ್ ಜಾಸ್ತಿ ಗಟ್ಟಿ. ಕಳ್ಕೊಳ್ಳೋದೇನು? .223ಯಲ್ಲಿ ಇಂಚಿಗೆ 20ರಿಂದ 30 ಅಡಿ ಸ್ಪೀಡ್, ಅಂದ್ರೆ 55 ಗ್ರೇನ್ (ಗುಂಡಿನ ತೂಕದ ಅಳತೆ) ಗುಂಡು 24 ಇಂಚಲ್ಲಿ ಸೆಕೆಂಡಿಗೆ 3,240 ಅಡಿ ಹೋಗೋದು 20 ಇಂಚಲ್ಲಿ ನೂರು ಅಡಿ ಆಚೆ ಈಚೆ ಕಮ್ಮಿ ಹೋಗುತ್ತೆ. 200 ಗಜದಲ್ಲಿ ಅದು ನಿಮಗೂ ಗೊತ್ತಾಗಲ್ಲ, ಕಯೋಟಿಗೂ ಗೊತ್ತಾಗಲ್ಲ. 16 ಇಂಚಿಗಿಂತ ಕೆಳಗೆ ಮಾತ್ರ ಇಳೀಬೇಡಿ, ಅಲ್ಲಿಂದ ಕೆಳಗೆ ಫೆಡರಲ್ ಕಾನೂನಿನ ಬೇರೆ ತಲೆನೋವು.

ಈಗ ತೂಕ. 26 ಇಂಚಿನ ಹೆವಿ ಬ್ಯಾರೆಲ್ ಒಂದೇ 5 ಪೌಂಡ್ ಹತ್ರ ಇರುತ್ತೆ, ತುದೀಲಿ .8 ಇಂಚಿಗಿಂತ ಮೇಲೆ. ಅದನ್ನ ತೆಗೆದು ತುದೀಲಿ .7 ಇಂಚಿರೋ 20 ಇಂಚಿನ ಮಧ್ಯಮ ಸ್ಟೀಲ್ ಬ್ಯಾರೆಲ್ ಹಾಕಿದ್ರೆ 3 ಪೌಂಡ್ ಆಸುಪಾಸು, ಹತ್ರತ್ರ 1 ಕೆಜಿ ಹೋಯ್ತು. ಪೆನ್ಸಿಲ್‌ಗೆ ಹೋದ್ರೆ ಇನ್ನೊಂದು ಅರ್ಧ ಮುಕ್ಕಾಲು ಪೌಂಡ್ ಉಳಿಯುತ್ತೆ ನಿಜ, ಆದ್ರೆ ಕೋಲು ಊರಿಕೊಂಡು ಕೂತು ಗುರಿ ಇಡುವಾಗ, ಅದೂ ಏದುಸಿರು ಬಿಡ್ತಾ ಇರುವಾಗ, ಮುಂದೆ ಭಾರ ಇಲ್ದೇ ಇರೋ ರೈಫಲ್ ಹಗ್ಗದ ಮೇಲೆ ಒಣ ಹಾಕಿದ ಪಂಚೆ ಥರ ಅಲ್ಲಾಡುತ್ತೆ. ಮುಂದೆ ಸಪ್ರೆಸರ್ (ಸದ್ದು ತಗ್ಗಿಸೋ ಕೊಳವೆ) ಹಾಕೋ ಪ್ಲ್ಯಾನ್ ಇದ್ರಂತೂ ಪೆನ್ಸಿಲ್ ಬೇಡವೇ ಬೇಡ. ತುದೀಲಿ ಭಾರ ನೇತು ಹಾಕಿದ ತಕ್ಷಣ ಗುಂಡು ಬೀಳೋ ಜಾಗ ಬದಲಾಗುತ್ತೆ, ಜೊತೆಗೆ ಥ್ರೆಡ್ ಕತ್ತರಿಸಿದ್ಮೇಲೆ ಸಪ್ರೆಸರ್ ಒತ್ತಿ ಕೂರೋಕೆ ಬ್ಯಾರೆಲ್‌ನಲ್ಲಿ ಅಂಚೇ ಉಳಿಯಲ್ಲ. (2026ರ ಜನವರಿಯಿಂದ ಸಪ್ರೆಸರ್ ಮೇಲಿದ್ದ 200 ಡಾಲರ್ ಫೆಡರಲ್ ಟ್ಯಾಕ್ಸ್ ಸೊನ್ನೆ ಆಗಿದೆ, ರಿಜಿಸ್ಟ್ರೇಷನ್ ಇನ್ನೂ ಇದೆ. ಅದಕ್ಕೇ ಈಗ ಎಲ್ಲರೂ ಅದರ ಹಿಂದೆ ಬಿದ್ದಿರೋದು.)

ಕಾರ್ಬನ್ ಫೈಬರ್ ಕೆಟ್ಟದ್ದು ಅಂತ ನಾನು ಹೇಳಲ್ಲ. ಒಳಗೆ ತೆಳು ಸ್ಟೀಲ್ ನಳಿಗೆ, ಮೇಲೆ ಫೈಬರ್ ಸುತ್ತಿರ್ತಾರೆ, ದಪ್ಪ ಇದ್ರೂ ಹಗುರ, ಗಟ್ಟೀನೂ ಹೌದು. ಮೊಂಟಾನಾದ ಪ್ರೂಫ್ ರಿಸರ್ಚ್ ಥರದವ್ರು ಮಾಡೋದು ಒಳ್ಳೇ ಮಾಲೇ. ಆದ್ರೆ ಸ್ಟೀಲಿನ ಎರಡರಷ್ಟು ದುಡ್ಡು, ದಿನಕ್ಕೆ ನಾಲ್ಕೈದು ಗುಂಡು ಹೊಡೆಯೋರಿಗೆ ಅದರ ಪೂರ್ತಿ ಲಾಭ ಸಿಗಲ್ಲ. ಆ ದುಡ್ಡಲ್ಲಿ ಒಳ್ಳೇ ಸ್ಕೋಪ್ ತಗೊಳ್ಳಿ. ಫ್ಲೂಟಿಂಗ್ ಬಗ್ಗೆನೂ ಒಂದು ಮಾತು, ಗೀರು ಕೊರೆದ್ರೆ ಗಟ್ಟಿ ಆಗುತ್ತೆ ಅಂತ ಅಂಗಡಿಯವ್ರು ಹೇಳ್ತಾರೆ, ಆಗಲ್ಲ, ಇದ್ದ ಗಟ್ಟಿತನ ಸ್ವಲ್ಪ ಕಮ್ಮೀನೇ ಆಗುತ್ತೆ, ಹಗುರ ಆಗುತ್ತೆ ಅಷ್ಟೇ.

.22-250 ಬೇಡ ಅಂತೀನಿ. ಒಳ್ಳೇ ಕಾರ್ಟ್ರಿಜ್, ಅನುಮಾನ ಇಲ್ಲ, 55 ಗ್ರೇನ್‌ಗೆ 3,680 ಅಡಿ ಕೊಡುತ್ತೆ, ಆದ್ರೆ ಮದ್ದು ಜಾಸ್ತಿ ಸುಡೋದ್ರಿಂದ ಚಿಕ್ಕ ಬ್ಯಾರೆಲ್‌ನಲ್ಲಿ ಸದ್ದು ಬೆಂಕಿ ಜಾಸ್ತಿ, ಬ್ಯಾರೆಲ್ ಗಂಟಲೂ ಬೇಗ ಸವೆಯುತ್ತೆ, ಮೇಲಾಗಿ ನಿಮ್ಮ ಸ್ಯಾವೇಜ್‌ನಲ್ಲಿ ಬೋಲ್ಟ್ ಹೆಡ್ಡೂ (ಕಾರ್ಟ್ರಿಜ್‌ನ ಹಿಂಭಾಗ ಹಿಡಿಯೋ ಭಾಗ) ಮ್ಯಾಗಜಿನ್ನೂ ಬದಲಾಯಿಸ್ಬೇಕು. ಬದಲಾವಣೆ ಬೇಕೇಬೇಕು ಅಂದ್ರೆ .204 ರೂಗರ್‌ಗೆ ಅದೇ ಬೋಲ್ಟ್ ಹೆಡ್ ನಡೆಯುತ್ತೆ. ಆದ್ರೆ ಆ ಪಶ್ಚಿಮ ಟೆಕ್ಸಾಸ್ ಗಾಳೀಲಿ 32 ಗ್ರೇನ್ ಗುಂಡು ನಂಬೋಕೆ ನನಗೆ ಧೈರ್ಯ ಇಲ್ಲ. .223ಯಲ್ಲೇ ಇರಿ, ಟ್ವಿಸ್ಟ್ (ಗುಂಡನ್ನ ತಿರುಗಿಸೋ ಒಳಗಿನ ಗೀರಿನ ಸುತ್ತು) ಮಾತ್ರ 8 ಇಂಚಿಗೊಂದು ಸುತ್ತಿರೋದು ತಗೊಳ್ಳಿ, 55 ಗ್ರೇನೂ ಹೊಡೆಯುತ್ತೆ, ಗಾಳಿ ಇದ್ದ ದಿನ 69, 77 ಗ್ರೇನೂ ಹೊಡೆಯುತ್ತೆ. ಹಳೇ 12 ಇಂಚಿನ ಟ್ವಿಸ್ಟ್‌ನಲ್ಲಿ ಆ ಭಾರದ ಗುಂಡು ನೆಟ್ಟಗೆ ಹೋಗಲ್ಲ.

ಸ್ಯಾವೇಜ್‌ನ ಒಳ್ಳೇ ಗುಣ ಬ್ಯಾರೆಲ್‌ನ ಬಿಗಿಯಾಗಿ ಹಿಡಿಯೋ ಅದರ ಬ್ಯಾರೆಲ್ ನಟ್. ನಟ್ ವ್ರೆಂಚು, ವೈಸು, ಗೋ ಮತ್ತು ನೋ-ಗೋ ಗೇಜ್ (ಹೆಡ್‌ಸ್ಪೇಸ್, ಅಂದ್ರೆ ಬೋಲ್ಟ್ ಮುಚ್ಚಿದಾಗ ಕಾರ್ಟ್ರಿಜ್‌ಗೆ ಉಳಿಯೋ ಜಾಗ ಅಳೆಯೋ ಅಚ್ಚು) ಇದ್ರೆ ಮನೇಲೇ ಆಗುತ್ತೆ: ಗೋ ಗೇಜ್ ಮೇಲೆ ಬೋಲ್ಟ್ ಮುಚ್ಕೋಬೇಕು, ನೋ-ಗೋ ಮೇಲೆ ಮುಚ್ಕೋಬಾರ್ದು. ಅಭ್ಯಾಸ ಇಲ್ಲ ಅಂದ್ರೆ ಗನ್‌ಸ್ಮಿತ್‌ಗೇ ಕೊಡಿ, ಹೆಡ್‌ಸ್ಪೇಸ್ ವಿಷಯದಲ್ಲಿ ಅಂದಾಜು ನಡೆಯಲ್ಲ. ಆರ್ಡರ್ ಮಾಡೋ ಮುಂಚೆ ಶ್ಯಾಂಕ್ (ರೈಫಲ್ಲಿಗೆ ತಿರುಪಿ ಕೂರಿಸೋ ಬ್ಯಾರೆಲ್ ಹಿಂತುದಿ) 1.055 ಇಂಚಾ 1.120 ಇಂಚಾ ಅಂತ ಅಳೆದು ನೋಡಿ. ಹೆವಿ ಬ್ಯಾರೆಲ್‌ಗೆ ತೋಡಿದ ಸ್ಟಾಕ್‌ನಲ್ಲಿ (ರೈಫಲ್‌ನ ಹಿಡಿಕೆ ಭಾಗ) ಹೊಸದು ಕೂತಾಗ ಎರಡೂ ಕಡೆ ಸಂದು ಕಾಣುತ್ತೆ, ನೋಡೋಕೆ ಚೆನ್ನಾಗಿರಲ್ಲ, ಗುರಿಗೆ ತೊಂದ್ರೆ ಏನಿಲ್ಲ. ಡಾಲರ್ ನೋಟೊಂದನ್ನ ಬ್ಯಾರೆಲ್ ಕೆಳಗೆ ಹಾಕಿ ತುದಿಯಿಂದ ಹಿಂದಕ್ಕೆ ಎಳ್ಕೊಂಡು ಬನ್ನಿ, ಎಲ್ಲೂ ಸಿಕ್ಕದೇ ಬರ್ಬೇಕು. ಆಮೇಲೆ ಒಂದೇ ಕಾಗದದ ಮೇಲೆ ದಿನಕ್ಕೆ ಒಂದೇ ಗುಂಡು, ಐದು ದಿನ ಹೊಡೀರಿ, ಬೆಳಿಗ್ಗೆ ತಣ್ಣಗಿದ್ದಾಗ. ಆ ಐದು ತೂತು ಎಷ್ಟು ಹತ್ರ ಇದೆ ಅನ್ನೋದೇ ನಿಮ್ಮ ಬೇಟೆಯ ಗ್ರೂಪು, ಒಂದೇ ಸಲ ಕೂತು ಹೊಡೆದ ಐದಲ್ಲ.

ಪ್ರಶ್ನೆ: ನಾನಿನ್ನೂ ಎಚ್-1ಬಿ ವೀಸಾದಲ್ಲೇ ಇದ್ದೀನಿ. ಬ್ಯಾರೆಲ್ ಆನ್‌ಲೈನ್ ತರಿಸಿದ್ರೆ ಏನೂ ತೊಂದ್ರೆ ಇಲ್ವಾ?

ಉತ್ತರ: ಫೆಡರಲ್ ಕಾನೂನಲ್ಲಿ ಬಂದೂಕು ಅಂದ್ರೆ ರಿಸೀವರ್ (ಬ್ಯಾರೆಲ್ಲು, ಬೋಲ್ಟು ಕೂರೋ ಮುಖ್ಯ ಭಾಗ), ಬರೀ ಬ್ಯಾರೆಲ್ ಮನೆಗೇ ಬರುತ್ತೆ. ಆದ್ರೆ ನಿಮ್ಮ ವಿಷಯದಲ್ಲಿ ದೊಡ್ಡದು ಬೇರೆ ಇದೆ. ನಾನ್-ಇಮಿಗ್ರೆಂಟ್ ವೀಸಾದವ್ರು ಅಮೆರಿಕದಲ್ಲಿ ಬಂದೂಕು ಇಟ್ಕೊಳ್ಳೋದೇ ನಿಷೇಧ, ಅದಕ್ಕಿರೋ ಮುಖ್ಯ ವಿನಾಯಿತಿ ಯಾವುದಾದ್ರೂ ರಾಜ್ಯದ ಚಾಲ್ತಿಯಲ್ಲಿರೋ ಹಂಟಿಂಗ್ ಲೈಸೆನ್ಸ್. ಕುರಿ ಹಿಡಿಯೋ ಕಯೋಟಿಗೆ ಟೆಕ್ಸಾಸ್‌ನಲ್ಲಿ ಲೈಸೆನ್ಸ್ ಬೇಡ ಅಂತ ಫ್ರೆಂಡ್ ಹೇಳಿರ್ಬಹುದು, ಅದು ಅವನಿಗೆ ಸರಿ, ನಿಮಗೆ ರೈಫಲ್ ಮನೇಲಿಟ್ಕೊಳ್ಳೋಕೇ ಆ ಲೈಸೆನ್ಸ್ ಬೇಕು. ಅಲ್ಲಿನ ವಾರ್ಷಿಕ ಲೈಸೆನ್ಸ್ ಆಗಸ್ಟ್ 31ಕ್ಕೆ ಮುಗಿಯುತ್ತೆ, ಒಂದು ದಿನವೂ ಗ್ಯಾಪ್ ಬಿಡದೆ ಹೊಸದು ಮಾಡಿಸಿ. 1971ರ ಸೆಪ್ಟೆಂಬರ್ 2 ಅಥವಾ ಆಮೇಲೆ ಹುಟ್ಟಿದೋರಿಗೆ ಹಂಟರ್ ಎಜುಕೇಷನ್ ಕೂಡ ಕಡ್ಡಾಯ. ಗ್ರೀನ್ ಕಾರ್ಡ್ ಬಂದ್ಮೇಲೆ ಈ ವೀಸಾ ನಿಷೇಧ ಅನ್ವಯಿಸಲ್ಲ. ಅನುಮಾನ ಇದ್ರೆ ವಕೀಲರನ್ನ ಕೇಳಿ, ಇದ್ರಲ್ಲಿ ಎಡವಿದ್ರೆ ವೀಸಾನೇ ಹೋಗುತ್ತೆ.

ಪ್ರಶ್ನೆ: ಹಳೇ ಬ್ಯಾರೆಲ್ ಸುಮ್ನೆ ಬಿದ್ದಿರುತ್ತೆ, ಊರಿಗೆ ಹೋಗುವಾಗ ಕಸಿನ್‌ಗೆ ತಗೊಂಡು ಹೋಗ್ಲಾ? ಕೊಡವರಿಗೆ ಕೋವಿ ಲೈಸೆನ್ಸ್ ವಿನಾಯಿತಿ ಇದೆಯಲ್ಲ?

ಉತ್ತರ: ದಯವಿಟ್ಟು ಬ್ಯಾಗಿಗೆ ಹಾಕ್ಬೇಡಿ ಮಾರಾಯ್ರೆ. ಆ ಕಡೆ ಅಮೆರಿಕದ ರಫ್ತು ನಿಯಮ ಇದೆ, ಈ ಕಡೆ 1959ರ ಆರ್ಮ್ಸ್ ಆ್ಯಕ್ಟ್ ಪ್ರಕಾರ ಆಯುಧದ ಬಿಡಿಭಾಗವೂ ಆಯುಧವೇ, ಆಮದಿಗೆ ಬೇರೆ ಲೈಸೆನ್ಸ್ ಬೇಕು, ಮನೇಲಿ ಕೋವಿ ಇಟ್ಕೊಳ್ಳೋ ವಿನಾಯಿತಿ ಅದಕ್ಕೆ ಆಗಲ್ಲ. ಹೆವಿ ಬ್ಯಾರೆಲ್‌ಗೆ ಅಲ್ಲೇ ಗಿರಾಕಿ ಇದ್ದಾರೆ, ಬೆಂಚ್ ಶೂಟಿಂಗ್ ಮಾಡೋರು ಬಳಸಿದ್ದನ್ನೂ ತಗೋತಾರೆ, ಮಾರಿ ಗೇಜ್ ಖರ್ಚು ಹುಟ್ಟಿಸ್ಕೊಳ್ಳಿ.