ಧಾರೆಯ ದಿನ ಒದ್ದಾಟ ಬೇಡ

ಪ್ರಶ್ನೆ: ಚಿಕ್ಕಬಳ್ಳಾಪುರದ ಛತ್ರದಲ್ಲಿ ಮಗಳ ಮದುವೆ. ಭಾನುವಾರ ಬೆಳಿಗ್ಗೆ 9.30ಕ್ಕೆ ಧಾರೆ, 800 ಜನರ ಊಟ. ಗಂಡಿನವರು ಬೆಂಗಳೂರಿನವರು. ಆ ದಿನ ಸಲೀಸಾಗಿ ಸಾಗಲು ಏನು ಮಾಡಬೇಕು?
– ಓದುಗರು, ಶಿಡ್ಲಘಟ್ಟ

ಉತ್ತರ: ಧಾರೆಯಿಂದ ಹಿಂದಕ್ಕೆ ಲೆಕ್ಕ ಹಾಕಿ. ಹುಡುಗಿ 8ಕ್ಕೆ ಗೌರಿಪೂಜೆಗೆ ಕೂರಬೇಕೆಂದರೆ ಜಡೆಗೆ ಒಂದು ಗಂಟೆ, ಅಲಂಕಾರಕ್ಕೆ ಒಂದು ಗಂಟೆ, ಸೀರೆಗೆ ಮುಕ್ಕಾಲು ಗಂಟೆ. ಅಂದರೆ 5ಕ್ಕೇ ಶುರು. ಉಪವಾಸದ ಪದ್ಧತಿಯಿದ್ದರೆ ಹಾಲು, ಬಾಳೆಹಣ್ಣು ಕೊಡಬಹುದೇ ಎಂದು ಪುರೋಹಿತರನ್ನು ಮೊದಲೇ ಕೇಳಿಕೊಳ್ಳಿ. ಬರಿಹೊಟ್ಟೆಗೆ ಹೋಮದ ಹೊಗೆ ಸೇರಿದರೆ ತಲೆ ಸುತ್ತುತ್ತದೆ, ಪಾಪ.

ಭಾನುವಾರ ಬೆಳಗಿನ ಜಾವ ನಂದಿಬೆಟ್ಟಕ್ಕೆ ಹೋಗುವ ಗಾಡಿಗಳ ಸಾಲು ದೊಡ್ಡದು. ಗಂಡಿನವರು ಶನಿವಾರ ರಾತ್ರಿಯೇ ಛತ್ರ ಸೇರಲಿ.

ಹೆಚ್ಚು ಎಡವುವುದು ಸಣ್ಣ ಸಾಮಾನಿನಲ್ಲಿ. ಮಾಂಗಲ್ಯ, ಅರಿಸಿನದ ದಾರ, ಕಾಲುಂಗುರ, ಬಾಸಿಂಗ, ಜೀರಿಗೆ-ಬೆಲ್ಲ, ಅಂತರಪಟದ ಬಟ್ಟೆ ಎಲ್ಲವೂ ಒಂದೇ ಪೆಟ್ಟಿಗೆಯಲ್ಲಿರಲಿ. ಅದನ್ನು ಹಿಡಿದವರು ಮಂಟಪ ಬಿಟ್ಟು ಕದಲಬಾರದು. ದಾರವನ್ನು ಹಿಂದಿನ ರಾತ್ರಿಯೇ ಪೋಣಿಸಿ ನೋಡಿ. ಎಳೆ ದಪ್ಪವಾಗಿ ಮಾಂಗಲ್ಯದ ಕೊಂಡಿಯಲ್ಲಿ ತೂರದಿದ್ದರೆ ತುದಿಗೆ ಮೇಣ ಸವರಿ ಬಿಗಿಯಾಗಿ ಹೊಸೆಯಿರಿ. ಮಲ್ಲಿಗೆಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಗಂಟು ಕಟ್ಟಿಟ್ಟರೆ ಬೆವರಿ ಕಂದುತ್ತದೆ. ಬಾಳೆಎಲೆಯಲ್ಲಿ ಸುತ್ತಿ, ಮೇಲೆ ಒದ್ದೆ ಬಟ್ಟೆ ಹಾಕಿ.

ಒಮ್ಮೆಗೆ 200 ಎಲೆ ಹಾಕುವ ಹಾಲ್ ಆದರೆ 4 ಪಂಕ್ತಿ ಬೇಕು. ಒರೆಸುವುದೂ ಸೇರಿ ತಲಾ 45 ನಿಮಿಷ, ಒಟ್ಟು 3 ಗಂಟೆ. ಮೊದಲ ಪಂಕ್ತಿ 11.30ಕ್ಕೆ ಕೂರಲಿ. ಅನ್ನವನ್ನು ಒಟ್ಟಿಗೇ ಮಾಡಿಟ್ಟರೆ ಕೊನೆಯವರಿಗೆ ತಣ್ಣಗಿನ ಮುದ್ದೆ ಸಿಗುತ್ತದೆ. ಪಂಕ್ತಿಗೊಮ್ಮೆ ಹೊಸದಾಗಿ ಬೇಯಿಸಿ ಇಳಿಸಲು ಅಡುಗೆಯವರಿಗೆ ಈಗಲೇ ಹೇಳಿ. ವಾಲಗದವರಿಗೆ, ಪುರೋಹಿತರಿಗೆ ಕೊಡುವ ಹಣ ಹೆಸರು ಬರೆದ ಕವರುಗಳಲ್ಲಿ ಸೋದರಮಾವನ ಕೈಯಲ್ಲಿರಲಿ, ನಿಮ್ಮ ಕೈಯಲ್ಲಿ ಬೇಡ.