ಕಪ್ಪತಗುಡ್ಡದಲ್ಲಿ ಬೆಂಕಿ ಸೀಸನ್ನಿನ ವೈರ್‌ಲೆಸ್ ಕೆಲಸ: ಮೊದಲು ರಿಪೇರಿ ಕೋರ್ಸ್ ಮಾಡಬೇಕಾ?

ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಆಗಿದೆ, ಬೇಸಿಗೆ ಮುಗಿಯುವವರೆಗೆ ಗದಗ ಜಿಲ್ಲೆಯ ಕಪ್ಪತಗುಡ್ಡದಲ್ಲಿ ಅರಣ್ಯ ಇಲಾಖೆಯ ಬೆಂಕಿ ತಂಡದ ವೈರ್‌ಲೆಸ್ ನೋಡಿಕೊಳ್ಳಲು ಕರೆದಿದ್ದಾರೆ, ಸೆಟ್ ರಿಪೇರಿ ಕೋರ್ಸ್ ಮಾಡಲೋ, ಒಳ್ಳೆಯ ವಾಕಿಟಾಕಿ ಕೊಳ್ಳಲೋ ಎಂದು ಕೇಳಿದ್ದೀರಿ. ಇದೇ ಡಿಪ್ಲೊಮಾ ಹಿಡಿದು ಇದೇ ಕೆಲಸಕ್ಕೆ ಬಂದವನು ನಾನು. ಎರಡೂ ಬೇಡ. ಪರವಾನಗಿ ಇಲ್ಲದ ಸ್ವಂತ ಸೆಟ್ಟಿನಿಂದ ಇಲಾಖೆಯ ಚಾನೆಲ್ಲಿನಲ್ಲಿ ಮಾತಾಡುವುದು ಅಪರಾಧ. ಇನ್ನು ಬೆಂಕಿ ಬಿದ್ದ ಹೊತ್ತಲ್ಲಿ ಕೆಟ್ಟ ಸೆಟ್ಟು ಬಿಚ್ಚಿಕೊಂಡು ಯಾರೂ ಕೂರುವುದಿಲ್ಲ, ಬದಲಿ ಕೊಟ್ಟು ಕಳಿಸುತ್ತಾರೆ. ಇದು ಕಿವಿಗೊಟ್ಟು ಕೇಳಿ ಬರೆದುಕೊಳ್ಳುವ ಕೆಲಸ.

ಇಲ್ಲಿ ಎಲ್ಲಕ್ಕಿಂತ ದುಬಾರಿ ತಪ್ಪೆಂದರೆ ಬಟನ್ ಒತ್ತಿದ ಕೂಡಲೇ ಮಾತು ಶುರು ಮಾಡುವುದು. ಕೈಯಲ್ಲಿರುವ 5 ವ್ಯಾಟ್ ಸೆಟ್ಟಿನ ದನಿ ಗುಡ್ಡ ದಾಟಿ ಆಚೆಗೆ ಹೋಗುವುದಿಲ್ಲ. ಎತ್ತರದಲ್ಲಿ ಕೂರಿಸಿದ ರಿಪೀಟರ್ ಅದನ್ನು ಒಂದು ತರಂಗಾಂತರದಲ್ಲಿ ಹಿಡಿದು ಇನ್ನೊಂದರಲ್ಲಿ ಬಿಡುತ್ತದೆ. ನಿಮ್ಮ ಸೆಟ್ಟು ಮಾತಿನ ಜೊತೆಗೇ ಕಳಿಸುವ ಗುರುತಿನ ಸದ್ದನ್ನು (ಟೋನ್) ಗುರುತಿಸಿ ರಿಪೀಟರ್ ಏಳಬೇಕು, ಆಮೇಲೆ ಕೇಳುವವರ ಸೆಟ್ಟು ತೆರೆದುಕೊಳ್ಳಬೇಕು. ಅದಕ್ಕೆ ಅರ್ಧ ಸೆಕೆಂಡಿನಷ್ಟು ಹೊತ್ತು ಹಿಡಿಯುತ್ತದೆ. ಅಷ್ಟರೊಳಗೆ ಆಡಿದ ಮಾತು ಯಾರಿಗೂ ಮುಟ್ಟುವುದಿಲ್ಲ. ನಾವೋ ಜಾಗದ ಹೆಸರನ್ನೇ ಮೊದಲು ಹೇಳುವವರು. ಡೋಣಿ ಊರಿನ ಬದಿಯಿಂದ "ಡೋಣಿ ಕಡೆ ಇಳಿಜಾರಿಗೆ ಬೆಂಕಿ ಹತ್ತೈತ್ರಿ" ಎಂದರೆ ಆಫೀಸಿನಲ್ಲಿ ಕೇಳುವುದು "ಕಡೆ ಇಳಿಜಾರಿಗೆ ಬೆಂಕಿ ಹತ್ತೈತ್ರಿ". ಯಾವ ಕಡೆ? ಜೀಪು ಗುಡ್ಡದ ಇನ್ನೊಂದು ಬದಿಯ ಕಡಕೋಳದ ದಾರಿ ಹಿಡಿದರೆ ಗುಡ್ಡ ಸುತ್ತಿ ಬರಬೇಕು, ಅಷ್ಟೊತ್ತಿಗೆ ಒಣಗಿದ ಬಾದೆ ಹುಲ್ಲು ನೆತ್ತಿವರೆಗೂ ಉರಿದಿರುತ್ತದೆ. ಒತ್ತಿ, ಒಂದು ಉಸಿರು ತಡೆದು, ಮೊದಲು ಯಾರನ್ನು ಕರೆಯುತ್ತಿದ್ದೀರೋ ಅವರ ಹೆಸರು, ಆಮೇಲೆ ಜಾಗ ಎರಡು ಸಲ. ಮಾತು ಮುಗಿದ ಮೇಲೂ ತಟ್ಟನೆ ಬಟನ್ ಬಿಡಬೇಡಿ, ಕೊನೆಯ ಪದ ಹೋಗುತ್ತದೆ. ಫೈರ್ ವಾಚರ್‌ಗಳಿಗೆ ಮೊದಲ ವಾರವೇ ಇದನ್ನು ರೂಢಿ ಮಾಡಿಸಿ.

2019ರಲ್ಲಿ ವನ್ಯಜೀವಿ ಧಾಮವಾದ, ಸುಮಾರು 244 ಚದರ ಕಿ.ಮೀ. ಹರಡಿದ ಗುಡ್ಡ ಇದು. "ದೊಡ್ಡ ಹಳ್ಳದ ಮ್ಯಾಲೆ" ಎಂದರೆ ಯಾರಿಗೂ ತಿಳಿಯದು. ಗಾಳಿಫ್ಯಾನಿನ (ಗಾಳಿ ವಿದ್ಯುತ್ ಯಂತ್ರದ) ಕಂಬಗಳ ಮೇಲೆ ನಂಬರ್ ಇರುತ್ತದೆ. ಆ ನಂಬರುಗಳನ್ನು ನಕ್ಷೆಯಲ್ಲಿ ಗುರುತು ಹಾಕಿ ಗೋಡೆಗೆ ಅಂಟಿಸಿ. ಕುರಿ ಕಾಯುವವರ, ಫ್ಯಾನ್ ಕಾವಲುಗಾರರ ಫೋನ್ ನಂಬರುಗಳೂ ಅಲ್ಲೇ ಇರಲಿ. ಭಾರತೀಯ ಅರಣ್ಯ ಸರ್ವೇಕ್ಷಣಾ ಸಂಸ್ಥೆಯ ಉಪಗ್ರಹ ಸಂದೇಶ ಬರುತ್ತದೆ ನಿಜ, ಆದರೆ ಉಪಗ್ರಹ ಮೇಲೆ ಹಾದಾಗಷ್ಟೇ ಅದಕ್ಕೆ ಬೆಂಕಿ ಕಾಣುವುದು. ಅದು ತೋರಿಸುವ ಚುಕ್ಕಿಯೂ 375 ಮೀಟರಿನ ಚೌಕ, ಮೋಡಿಸ್ ಎಂಬ ಉಪಗ್ರಹ ಉಪಕರಣದ್ದಾದರೆ 1 ಕಿ.ಮೀ. ಆ ಚುಕ್ಕಿಯೊಂದನ್ನೇ ನಂಬಿ ತಂಡ ಕಳಿಸಬೇಡಿ, ಕಣ್ಣಲ್ಲಿ ಕಂಡವರನ್ನು ಕೇಳಿ.

ಆಫೀಸಿನಲ್ಲಿ ಕೂರಿಸಿದ ಬೇಸ್ ಸೆಟ್ಟಿನ 12 ವೋಲ್ಟ್ ಬ್ಯಾಟರಿಯನ್ನು ದಿನಾ ಬೆಳಿಗ್ಗೆ ಮಾತಾಡಿಯೇ ಪರೀಕ್ಷಿಸಿ. ಕೇಳುವಾಗ ಸೆಟ್ಟು ಎಳೆಯುವ ಕರೆಂಟು ಅಲ್ಪ, 25 ವ್ಯಾಟಿನಲ್ಲಿ ಮಾತಾಡುವಾಗ 5-6 ಆಂಪಿಯರ್. ಟರ್ಮಿನಲ್ಲಿಗೆ ಬಿಳಿ ಪುಡಿ ಕೂತಿದ್ದರೆ ಎಲ್ಲ ಚೆನ್ನಾಗಿಯೇ ಕೇಳಿಸುತ್ತಿರುತ್ತದೆ, ಬಟನ್ ಒತ್ತಿದೊಡನೆ ವೋಲ್ಟೇಜ್ ಬಿದ್ದು ಸೆಟ್ಟು ಆರುತ್ತದೆ. ಬಿಸಿನೀರಲ್ಲಿ ಸೋಡಾಪುಡಿ ಕದಡಿ ತೊಳೆದು, ಒರೆಸಿ, ಮೇಲೆ ವ್ಯಾಸಲೀನ್ ಸವರಿ.

ಅರ್ಧ ತಾಸಿಗೊಮ್ಮೆ ಪ್ರತಿ ತಂಡವನ್ನೂ ಕರೆದು ಎಷ್ಟು ಜನ, ಎಲ್ಲಿ, ಗಾಳಿ ಯಾವ ಕಡೆ, ಕುಡಿಯಲು ನೀರು ಎಷ್ಟು ಎಂದು ಕೇಳಿ, ವೇಳೆ ಹಾಕಿ ಬರೆಯಿರಿ. ಸಂಬಳದ ಮಾತಿಗೆ ಮೊದಲು ರಾತ್ರಿ ಪಾಳಿಗೆ ಎರಡನೆಯ ಆಪರೇಟರ್ ಇದ್ದಾರಾ ಎಂದು ವಿಚಾರಿಸಿ. ಒಬ್ಬರನ್ನೇ 24 ತಾಸು ಕೂರಿಸುವುದಾದರೆ ನಾನಂತೂ ಒಪ್ಪಬೇಡಿ ಎನ್ನುತ್ತೇನೆ.